ನೆಲದ ದೀಪಕ್ಕೆ ತಲೆ ಮೇಲಿನ ದಾರಿ

ಈಚಿನ ವರ್ಷಗಳಲ್ಲಿ ನಮ್ಮ ಕಲ್ಯಾಣ ಮಂಟಪಗಳ ಗೋಡೆಗಳು ಆರತಕ್ಷತೆಯ ಹೊತ್ತಿಗೆ ಬಣ್ಣ ಬದಲಿಸತೊಡಗಿವೆ. ಕಂಬದ ಬುಡದಲ್ಲಿ, ಗೋಡೆಯ ಮೂಲೆಯಲ್ಲಿ, ಹೂಕುಂಡದ ಹಿಂದೆ ಮೊಣಕಾಲಿಗಿಂತ ಕೆಳಗೆ ಕೂತ ಡಬ್ಬವೊಂದು ಬೆಳಕನ್ನು ಮೇಲಕ್ಕೆ ಚೆಲ್ಲುತ್ತಿರುತ್ತದೆ. ಕಸುಬಿನವರು ಇದನ್ನು ಅಪ್‌ಲೈಟ್ ಎನ್ನುತ್ತಾರೆ. ಛತ್ರದ ಮ್ಯಾನೇಜರಿಗೆ ಅದು ‘ಪಾರ್ ಲೈಟು’, ಮನೆಯವರಿಗೆ ‘ಗೋಡೆಗೆ ಹಾಕೋ ಲೈಟು’. ಹೆಸರು ಯಾವುದಾದರೂ ಈಗ ದರಪಟ್ಟಿಯಲ್ಲಿ ಅದರ ಮುಂದೆ ‘ವೈರ್‌ಲೆಸ್’ ಎಂಬ ಮಾತು ಸೇರಿಕೊಂಡು ಬರುತ್ತಿದೆ. ತಂತಿ ಎಳೆಯುವುದಿಲ್ಲ, ಕಾರ್ಪೆಟ್ ಮೇಲೆ ಟೇಪ್ ಅಂಟಿಸುವುದಿಲ್ಲ, ಹಾಲಿನ ಎಲ್ಲ ದೀಪಗಳೂ ಒಂದೇ ಕಡೆಯಿಂದ ಬದಲಾಗುತ್ತವೆ ಎಂಬ ಭರವಸೆ ಆ ಮಾತಿನಲ್ಲಿದೆ. ಭರವಸೆ ಸುಳ್ಳಲ್ಲ. ಅದು ಎಲ್ಲಿ ಉಳಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಮಾತ್ರ ಸಲಕರಣೆಯ ಬೆಲೆಗಿಂತ ಹೆಚ್ಚಾಗಿ ಅದನ್ನು ಇಡುವವರ ಲೆಕ್ಕಾಚಾರಕ್ಕೆ ಬಿಟ್ಟದ್ದು.

ಮೊದಲು ದೀಪದ ಮಾತು. ದಸರೆಯಲ್ಲಿ ಮೈಸೂರು ಅರಮನೆಯ ಸುಮಾರು 1 ಲಕ್ಷ ಬಲ್ಬುಗಳು ಕಮಾನು, ಗೋಪುರ, ಕಂಬಗಳ ಅಂಚನ್ನು ಗೆರೆಯಾಗಿ ಬರೆಯುತ್ತವೆ. ಅಲ್ಲಿ ಕಣ್ಣಿಗೆ ಬೀಳುವುದು ದೀಪವೇ. ಅಪ್‌ಲೈಟಿನ ಬಗೆ ಬೇರೆ. ಇಲ್ಲಿ ದೀಪ ಮರೆಯಲ್ಲಿರಬೇಕು, ಗೋಡೆ ಕಾಣಬೇಕು. ಗೋಡೆಗೆ ಒಂದು ಗೇಣು ದೂರದಲ್ಲಿ ಇಟ್ಟರೆ ಕಲ್ಲಿನ ಉಳಿಪೆಟ್ಟು, ಗಾರೆಯ ಉಬ್ಬುತಗ್ಗು ಒಂದೊಂದೂ ನೆರಳು ಹೊತ್ತು ಎದ್ದು ಬರುತ್ತದೆ. ಎರಡು ಮೂರು ಅಡಿ ಹಿಂದಕ್ಕೆ ಸರಿಸಿದರೆ ಅದೇ ಗೋಡೆ ನುಣ್ಣಗೆ ಕಾಣುತ್ತದೆ. ಒಳ್ಳೆಯ ಕಲ್ಲುಗೋಡೆಯಿದ್ದರೆ ಹತ್ತಿರ ಇಡಬೇಕು, ತೇಪೆ ಹಾಕಿದ ಗೋಡೆಯಿದ್ದರೆ ದೂರ ಇಡಬೇಕು. ಗೋಡೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಹಳದಿ ಬಳಿದ ಗೋಡೆ ನೀಲಿ ಬೆಳಕನ್ನು ಹೀರಿಕೊಂಡುಬಿಡುವುದರಿಂದ ಎಷ್ಟು ದೀಪ ಸುರಿದರೂ ಮಂಕು ಕಳೆಯುವುದಿಲ್ಲ. ಕೆಂಪು ಗುಲಾಬಿಯ ಅಲಂಕಾರದ ಮೇಲೆ ಹಸಿರು ಬಿದ್ದರೆ ಹೂವು ಕಪ್ಪಗೆ ಕಾಣುತ್ತದೆ. ಡೆಕೊರೇಷನ್‌ನವರು ಬೆಳಗಿನಿಂದ ಕೂತು ಕಟ್ಟಿದ ಹೂವು ಸಂಜೆ ಒಂದು ಬಟನ್ನಿಗೆ ಬಾಡಿದಂತೆ ಕಾಣುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆಳಕಿನವರೂ ಹೂವಿನವರೂ ಹಿಂದಿನ ದಿನ ಐದು ನಿಮಿಷ ಮಾತಾಡಿಕೊಂಡರೆ ಇದು ತಪ್ಪುತ್ತದೆ.

ಹಿಂದೆ ಇದೇ ಕೆಲಸಕ್ಕೆ 1,000 ವಾಟ್‌ನ ಪಾರ್ 64 ಹ್ಯಾಲೊಜನ್ ದೀಪಗಳಿದ್ದವು. ಬಣ್ಣ ಬೇಕೆಂದರೆ ಮುಂದೆ ಜಿಲೆಟಿನ್ ಕಾಗದ ಸಿಕ್ಕಿಸಬೇಕಿತ್ತು. ಹಚ್ಚಿದ ಬಣ್ಣ ಆ ರಾತ್ರಿಯಿಡೀ ಅದೇ. ಎಲ್‌ಇಡಿ ಬಂದ ಮೇಲೆ ಕೆಂಪು, ಹಸಿರು, ನೀಲಿ, ಬಿಳಿ ಎಲ್ಲ ಒಂದೇ ಡಬ್ಬದೊಳಗೆ ಸೇರಿಕೊಂಡವು. ಯಾವುದು ಎಷ್ಟು ಉರಿಯಬೇಕು ಎಂದು ಹೇಳಿದರೆ ಬೇಕಾದ ಬಣ್ಣ. ಹೇಳುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ನಮ್ಮ ಕಡೆ ಮುಹೂರ್ತದ ಹಿಂದಿನ ಸಂಜೆಯೇ ಆರತಕ್ಷತೆ ನಡೆಯುವುದು ಸಾಮಾನ್ಯ. ಸಂಜೆ ನೇರಳೆ, ಗುಲಾಬಿ ಬೇಕೆಂದು ಕೇಳುವ ಮನೆಯವರೇ ಬೆಳಿಗ್ಗೆ ಧಾರೆಯ ಹೊತ್ತಿಗೆ ಹದವಾದ ಬೆಚ್ಚನೆ ಬಿಳಿ ಬೇಕೆನ್ನುತ್ತಾರೆ. ಹಾಗೆ ಕೇಳುವುದೇ ಸರಿ. ನೇರಳೆ ಬೆಳಕಿನಲ್ಲಿ ಅರಿಸಿನ ಅರಿಸಿನವಾಗಿ ಕಾಣುವುದಿಲ್ಲ.

ದೀಪಕ್ಕೆ ಅಪ್ಪಣೆ ಕೊಡುವ ಭಾಷೆಯ ಹೆಸರು ಡಿಎಂಎಕ್ಸ್ 512. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ 1986ರಲ್ಲಿ ನಾಟಕಶಾಲೆಗಳಿಗಾಗಿ ಅದನ್ನು ರೂಪಿಸಿತು. ಅದಕ್ಕೂ ಮುಂಚೆ ಒಂದು ಕಂಪನಿಯ ಅಪ್ಪಣೆ ಕೊಡುವ ಕನ್ಸೋಲ್ ಇನ್ನೊಂದು ಕಂಪನಿಯ ಬೆಳಕು ಏರಿಳಿಸುವ ಡಿಮ್ಮರ್ ಜೊತೆ ಮಾತಾಡುತ್ತಿರಲಿಲ್ಲ. ಡಿಎಂಎಕ್ಸ್ ಮಾಡಿದ್ದು ಬಹಳ ಸರಳ ಕೆಲಸ. ಕನ್ಸೋಲ್ 512 ಸಂಖ್ಯೆಗಳನ್ನು ಒಂದರ ಹಿಂದೊಂದು ತಂತಿಯ ಮೇಲೆ ಕಳಿಸುತ್ತದೆ. ಪ್ರತಿ ಸಂಖ್ಯೆಯೂ 0ಯಿಂದ 255ರೊಳಗೆ. ಪೂರ್ತಿ ಸರಣಿ ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರು. ಸೆಕೆಂಡಿಗೆ ಹೆಚ್ಚೆಂದರೆ 44 ಸಲ ಹೀಗೆ ಸುತ್ತುತ್ತದೆ. ಪ್ರತಿ ದೀಪಕ್ಕೂ ಒಂದು ವಿಳಾಸ ಕೊಟ್ಟಿರುತ್ತಾರೆ, ಅದು ಅಲ್ಲಿಂದ ತನಗೆ ಬೇಕಾದಷ್ಟನ್ನು ಓದಿಕೊಳ್ಳುತ್ತದೆ. ಆರು ಬಣ್ಣದ ದೀಪವಾದರೆ ಮೊದಲನೆಯದರ ವಿಳಾಸ 1, ಎರಡನೆಯದರದು 7, ಮೂರನೆಯದರದು 13. ಹೀಗೆ 24 ದೀಪಕ್ಕೆ 144 ಸಂಖ್ಯೆ ಸಾಕು. ಗೋಡೆಯ ಎಲ್ಲ ದೀಪಗಳಿಗೂ ಒಂದೇ ವಿಳಾಸ ಕೊಟ್ಟುಬಿಟ್ಟರೆ ಒಂದು ಫೇಡರ್ ಎತ್ತಿದಾಗ ಎಲ್ಲವೂ ಒಟ್ಟಿಗೆ ಏಳುತ್ತವೆ. ಸಣ್ಣ ಸಮಾರಂಭಕ್ಕೆ ಇದೇ ಒಳ್ಳೆಯದು, ತಪ್ಪುವ ಅವಕಾಶ ಕಡಿಮೆ.

ಈ ಭಾಷೆ ಏಕಮುಖಿ. ಕನ್ಸೋಲ್ ಹೇಳುತ್ತ ಹೋಗುತ್ತದೆ, ‘ಕೇಳಿಸಿತು’ ಎಂದು ದೀಪ ಮರಳಿ ಹೇಳುವುದಿಲ್ಲ. ಸಂಖ್ಯೆ ಸರಿಯಾಗಿ ತಲುಪಿತೇ ಎಂದು ಪರೀಕ್ಷಿಸುವ ಏರ್ಪಾಡೂ ಅದರಲ್ಲಿಲ್ಲ. ಒಂದು ಸುತ್ತು ಕೆಟ್ಟರೂ ಮುಂದಿನ ಸುತ್ತು ತಕ್ಷಣ ಬರುವುದರಿಂದ ತಂತಿಯ ಕಾಲದಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಇದೇ ಅಪ್ಪಣೆಯನ್ನು ಗಾಳಿಗೆ ಬಿಟ್ಟಾಗ ಈ ಏಕಮುಖತೆಗೆ ಬೇರೆ ಅರ್ಥ ಬರುತ್ತದೆ. ದೂರದ ಕಂಬದ ದೀಪಕ್ಕೆ ಸಿಗ್ನಲ್ ಮುಟ್ಟದಿದ್ದರೂ ಕನ್ಸೋಲಿನ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಗೊತ್ತಾಗುವುದು ಕಣ್ಣಿನಿಂದ ಮಾತ್ರ. 2006ರಲ್ಲಿ ಆರ್‌ಡಿಎಂ ಎಂಬ ಎರಡು ದಿಕ್ಕಿನ ಪೂರಕ ವ್ಯವಸ್ಥೆ ಬಂತು. ಅದನ್ನು ಬಲ್ಲ ದೀಪ, ಬಲ್ಲ ರೇಡಿಯೊ, ಬಲ್ಲ ಕನ್ಸೋಲ್ ಮೂರೂ ಇದ್ದರೆ ದೀಪದ ವಿಳಾಸವನ್ನು ದೂರದಿಂದಲೇ ಬದಲಿಸಬಹುದು, ಬ್ಯಾಟರಿ ಎಷ್ಟಿದೆ ಎಂದು ಕೇಳಬಹುದು. ಬಾಡಿಗೆ ಮಾರುಕಟ್ಟೆಯ ಅಗ್ಗದ ದೀಪಗಳಲ್ಲಿ ಅದನ್ನು ನಂಬಿಕೊಂಡು ಕೂರುವಂತಿಲ್ಲ. ಆದ್ದರಿಂದ ಕನ್ಸೋಲ್ ನಡೆಸುವವರಿಗೆ ಇಡೀ ಹಾಲು ಕಾಣುವ ಜಾಗ ಕೊಡಬೇಕು. ನಮ್ಮಲ್ಲಿ ಅವರನ್ನು ವೇದಿಕೆಯ ಹಿಂದೆಯೋ ಊಟದ ಮನೆಯ ಬಾಗಿಲ ಪಕ್ಕವೋ ಕೂರಿಸಿಬಿಡುತ್ತಾರೆ. ತಾನು ಹಚ್ಚಿದ ಬೆಳಕು ತನಗೇ ಕಾಣದ ಜಾಗದಲ್ಲಿ ಕೂತು ಒಬ್ಬ ಹುಡುಗ ಇಡೀ ಸಂಜೆ ಕೆಲಸ ಮಾಡಬೇಕಾಗುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಇನ್ನು ತಂತಿಯ ಪ್ರಶ್ನೆ. ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅಪ್‌ಲೈಟಿಗೆ ಹೋಗುವ ತಂತಿ ಎರಡು. ಒಂದು ಕರೆಂಟಿನದು, 230 ವೋಲ್ಟ್. ಇನ್ನೊಂದು ಡಿಎಂಎಕ್ಸ್ ಸಿಗ್ನಲಿನದು, ಅದರಲ್ಲಿ ಇರುವುದು ಬೆರಳಿಟ್ಟರೂ ತಿಳಿಯದಷ್ಟು ಕೆಲವೇ ವೋಲ್ಟ್. ಒದ್ದೆ ಹುಲ್ಲಿನ ಮೇಲೆ, ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆಗಳೊಂದಿಗೆ, ಮಕ್ಕಳು ಓಡಾಡುವ ಕಡೆ ಮಲಗಿರುವ ಕರೆಂಟಿನ ತಂತಿಯೇ ನಿಜವಾದ ಅಪಾಯ. ‘ವೈರ್‌ಲೆಸ್’ ಎಂದು ಹೇಳಿ ಸಿಗ್ನಲ್ ತಂತಿಯನ್ನಷ್ಟೇ ತೆಗೆದು ಕರೆಂಟಿನ ತಂತಿಯನ್ನು ಹಾಗೆಯೇ ಎಳೆದರೆ ಎಡವುವವರು ಎಡವುತ್ತಲೇ ಇರುತ್ತಾರೆ, ಷಾಕಿನ ಭಯ ಇದ್ದಲ್ಲೇ ಇರುತ್ತದೆ. ಮೇಲಾಗಿ ಇದ್ದ ಒಂದು ಗಟ್ಟಿ ದಾರಿಯನ್ನು ಬಿಟ್ಟು ಅನಿಶ್ಚಿತ ದಾರಿ ಹಿಡಿದಂತೆ. ನಾನು ಲೈಟಿಂಗ್‌ನವರಿಗೂ ಮನೆಯವರಿಗೂ ಹೇಳುವುದು ಇದನ್ನೇ: ಕರೆಂಟಿನ ತಂತಿ ಹೇಗೂ ಹೋಗುವ ಕಡೆಗೆ ಡಿಎಂಎಕ್ಸ್ ತಂತಿಯೂ ಜೊತೆಗೇ ಹೋಗಲಿ. ಬ್ಯಾಟರಿ ದೀಪ ಇಟ್ಟು ಎರಡೂ ತಂತಿ ತೆಗೆಯಲು ಸಾಧ್ಯವಿರುವ ಕಡೆ ಮಾತ್ರ ವೈರ್‌ಲೆಸ್ ಬರಲಿ. ಹುಲ್ಲುಹಾಸು, ಸ್ವಾಗತ ಕಮಾನು, ನಡುಹಾದಿಯ ಎರಡೂ ಬದಿ, ಮೊಳೆ ಹೊಡೆಯಬಾರದ ಹಳೆಯ ಕಲ್ಲುಕಟ್ಟಡ, ಕೆರೆದಂಡೆ ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಜಾಗಗಳು.

ನಾಟಕದ ರಂಗಮಂದಿರದಲ್ಲಿ ತಂತಿ ಒಮ್ಮೆ ಎಳೆದರೆ ವರ್ಷಗಟ್ಟಲೆ ಇರುತ್ತದೆ. ಛತ್ರದಲ್ಲಿ ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಒಳಗೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಸಿದ್ಧವಾಗಿರಬೇಕು, ಮರುದಿನ ಊಟವಾಗುತ್ತಿದ್ದಂತೆ ಎಲ್ಲ ಬಿಚ್ಚಬೇಕು. ಡಿಎಂಎಕ್ಸ್ ತಂತಿ ಒಂದು ದೀಪದಿಂದ ಇನ್ನೊಂದಕ್ಕೆ ಸರಪಣಿಯಾಗಿ ಹೋಗುತ್ತದೆ. ಒಂದು ಸಾಲಿನಲ್ಲಿ 32 ದೀಪ, ಕೊನೆಯಲ್ಲಿ 120 ಓಮ್‌ನ ಟರ್ಮಿನೇಟರ್ ಎಂಬುದು ನಿಯಮ. ಸರಪಣಿಯ ನಡುವಿನ ಒಂದು ಕನೆಕ್ಟರ್ ಸಡಿಲವಾದರೂ ಅದರಾಚೆಯ ದೀಪಗಳೆಲ್ಲ ಕೈತಪ್ಪುತ್ತವೆ. ಆ ಗಡಿಬಿಡಿಯಲ್ಲಿ ವೈರ್‌ಲೆಸ್ ಎಂಥ ಆಸೆ ಹುಟ್ಟಿಸುತ್ತದೆ ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ತಂತಿಯ ಡಿಎಂಎಕ್ಸಿಗೆ ಒಂದು ಸಾರ್ವತ್ರಿಕ ಗುಣಮಟ್ಟವಿದೆ. ಗಾಳಿಯಲ್ಲಿ ಹಾರುವ ಡಿಎಂಎಕ್ಸಿಗೆ ಅಂಥದ್ದಿಲ್ಲ. ಪ್ರತಿ ಕಂಪನಿಯೂ ತನ್ನದೇ ರೀತಿಯಲ್ಲಿ ಅದನ್ನು ರೇಡಿಯೊ ಅಲೆಗೆ ಏರಿಸುತ್ತದೆ. ಹೆಸರಾದವು ಸ್ವೀಡನ್ನಿನ ಎರಡು ವ್ಯವಸ್ಥೆಗಳು: ಗೋಥೆನ್‌ಬರ್ಗಿನ ಲ್ಯೂಮೆನ್‌ರೇಡಿಯೊದ ಸಿಆರ್‌ಎಂಎಕ್ಸ್, ಉಡ್ಡೆವಲ್ಲಾದ ವೈರ್‌ಲೆಸ್ ಸೊಲ್ಯೂಷನ್ನಿನ ಡಬ್ಲ್ಯು-ಡಿಎಂಎಕ್ಸ್. ಇವು ಸುತ್ತಲಿನ ಗಾಳಿಯನ್ನು ಆಲಿಸಿ ಎಲ್ಲಿ ಸದ್ದು ಕಡಿಮೆಯೋ ಅಲ್ಲಿಗೆ ಕ್ಷಣಕ್ಷಣವೂ ತರಂಗಾಂತರ ಬದಲಿಸುತ್ತ ಹೋಗುತ್ತವೆ. ಸಿನಿಮಾ ಸೆಟ್ಟು, ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಇವೇ ಇರುತ್ತವೆ. ನಮ್ಮ ಮದುವೆ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಓಡಾಡುವುದು ಚೀನಾದ ಪುಟ್ಟ ಡಬ್ಬಿಗಳು. ಬೆರಳುದ್ದದ ಆಂಟೆನಾ, ಒಂದು ಬಟನ್, ಒಂದು ಎಲ್‌ಇಡಿ ಚುಕ್ಕೆ. ಬಟನ್ ಒತ್ತುತ್ತ ಹೋದಂತೆ ಚುಕ್ಕೆ ಕೆಂಪು, ಹಸಿರು, ಹಳದಿ, ನೀಲಿ ಎಂದು ಏಳು ಬಣ್ಣ ತಿರುಗುತ್ತದೆ. ಕಳಿಸುವ ಡಬ್ಬಿಯ ಬಣ್ಣವೂ ಪಡೆಯುವ ಡಬ್ಬಿಯ ಬಣ್ಣವೂ ಒಂದೇ ಆದರೆ ಅವೆರಡೂ ಒಂದು ಗುಂಪು.

ಈ ಏಳು ಬಣ್ಣದಲ್ಲೇ ಒಂದು ಪೇಚಿದೆ. ಬೆಂಗಳೂರಿನ ಅರಮನೆ ಮೈದಾನದಂಥ ಕಡೆ ಲಗ್ನದ ದಿನಗಳಲ್ಲಿ ಒಂದರ ಪಕ್ಕ ಒಂದು ಮದುವೆ ನಡೆಯುತ್ತದೆ. ಊರುಗಳಲ್ಲೂ ಎರಡು ಛತ್ರಗಳ ನಡುವೆ ಒಂದು ಕಾಂಪೌಂಡ್ ಗೋಡೆಯಷ್ಟೇ ಇರುತ್ತದೆ. ಇಬ್ಬರು ಲೈಟಿಂಗ್‌ನವರೂ ಅಂಗಡಿಯಿಂದ ತಂದಾಗ ಇದ್ದ ಬಣ್ಣವನ್ನೇ ಉಳಿಸಿಕೊಂಡಿದ್ದರೆ ಇಬ್ಬರದೂ ಒಂದೇ ಗುಂಪಾಗುತ್ತದೆ. ಅಂಥದ್ದೊಂದು ಸಂಜೆಯನ್ನು ನಾನು ಕಂಡಿದ್ದೇನೆ: ಇಲ್ಲಿ ವಧೂವರರು ವೇದಿಕೆ ಹತ್ತುತ್ತಿದ್ದಾರೆ, ಗೋಡೆ ಮಾತ್ರ ಪಕ್ಕದ ಹಾಲಿನ ಹಾಡಿನ ತಾಳಕ್ಕೆ ಕೆಂಪು ನೀಲಿ ಹೊಡೆಯುತ್ತಿದೆ. ದೀಪ ಕೆಟ್ಟಿದೆ ಎಂದು ಒಂದೊಂದನ್ನೇ ಆರಿಸಿ ಹಚ್ಚುತ್ತಿದ್ದ ಹುಡುಗನ ಮುಖ ಇನ್ನೂ ಕಣ್ಣಮುಂದಿದೆ. ದೀಪದಲ್ಲಿ ದೋಷವಿರಲಿಲ್ಲ. ಪಕ್ಕದವರ ಬಣ್ಣ ಯಾವುದೆಂದು ಗೋಡೆಯಾಚೆ ಹೋಗಿ ಕೇಳಿ ಬಂದು ತನ್ನದನ್ನು ಬದಲಿಸಿಕೊಂಡ ಮೇಲೆ ಸರಿಹೋಯಿತು. ಬಾಡಿಗೆ ದೀಪಗಳಲ್ಲಿ ಇದರದೇ ಇನ್ನೊಂದು ರೂಪವುಂಟು. ಉತ್ತಮ ವ್ಯವಸ್ಥೆಗಳಲ್ಲಿ ರಿಸೀವರ್ ಒಮ್ಮೆ ಜೋಡಿಯಾದ ಟ್ರಾನ್ಸ್‌ಮಿಟರನ್ನು ಮರೆಯುವುದಿಲ್ಲ. ಹಿಂದಿನ ವಾರ ಬೇರೆ ಊರಿಗೆ ಹೋಗಿ ಬಂದ ದೀಪ ಅಲ್ಲಿನ ಯಜಮಾನನಿಗಾಗಿಯೇ ಕಾಯುತ್ತಿರುತ್ತದೆ. ಗಾಡಿಯಿಂದ ಇಳಿಸಿದ ಕೂಡಲೇ ಪ್ರತಿ ದೀಪದ ಹಳೆಯ ಜೋಡಣೆ ಬಿಡಿಸಿ ಹೊಸದಾಗಿ ಜೋಡಿಸಿಕೊಳ್ಳುವುದು ಮೊದಲ ಕೆಲಸವಾಗಬೇಕು.

ಈಗ ನನಗೆ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನ ಮೂರಕ್ಕೆ ಖಾಲಿ ಹಾಲಿನಲ್ಲಿ ಪರೀಕ್ಷಿಸಿದಾಗ ಒಂದೂ ತಪ್ಪದೆ ಉರಿದ ದೀಪಗಳು ರಾತ್ರಿ ಎಂಟಕ್ಕೆ ಯಾಕೆ ಮಾತು ಕೇಳುವುದಿಲ್ಲ? ಈ ದೂರು ಕೇಳದ ಲೈಟಿಂಗ್‌ನವರಿಲ್ಲ. ಡಬ್ಬಿಯ ಮೇಲೆ 400 ಮೀಟರ್ ಎಂದು ಬರೆದಿರುತ್ತದೆ, ಇಲ್ಲಿ 30 ಮೀಟರ್ ಕೂಡ ದಾಟಲಿಲ್ಲ ಎನ್ನುತ್ತಾರೆ. ಆ 400 ಮೀಟರ್ ಅಡೆತಡೆಯಿಲ್ಲದ ಬಯಲಿನ ಲೆಕ್ಕ.

ಈ ಸಲಕರಣೆಗಳು ಬಹುಪಾಲು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಆ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ನೀರು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಮನುಷ್ಯನ ಮೈಯಲ್ಲಿ ಹೆಚ್ಚಿನದು ನೀರೇ. ಖಾಲಿ ಹಾಲು ಬೇರೆ, ಸಾವಿರ ಜನ ನಿಂತ ಹಾಲು ಬೇರೆ. ಅಪ್‌ಲೈಟಿನ ವಿಶೇಷ ಕಷ್ಟ ಇಲ್ಲಿದೆ. ಟ್ರಸ್ ಎಂಬ ಲೋಹದ ಚೌಕಟ್ಟಿಗೆ ತೂಗುಹಾಕಿದ ದೀಪಕ್ಕೆ ಜನರ ತಲೆಯ ಮೇಲಿಂದ ಸಿಗ್ನಲ್ ಸಿಗುತ್ತದೆ. ಅಪ್‌ಲೈಟ್ ಕೂತಿರುವುದು ನೆಲದಲ್ಲಿ, ಸೋಫಾದ ಹಿಂದೆ, ಕಬ್ಬಿಣದ ಚೌಕಟ್ಟಿನ ಹೂವಿನ ಗೋಡೆಯ ಬುಡದಲ್ಲಿ. ಅದರ ಆಂಟೆನಾ ಕಣಕಾಲಿನ ಎತ್ತರದಲ್ಲಿದೆ. ರೇಡಿಯೊ ಅಲೆಯ ಮಟ್ಟಿಗೆ ಇಡೀ ಹಾಲಿನಲ್ಲಿ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುವುದಿಲ್ಲ. ಟ್ರಾನ್ಸ್‌ಮಿಟರನ್ನು ಕನ್ಸೋಲಿನ ಮೇಜಿನ ಮೇಲೇ ಇಟ್ಟುಬಿಟ್ಟರೆ ಅಲೆ ಸೊಂಟದೆತ್ತರದಲ್ಲಿ ಹೊರಟು ನೂರಾರು ಮೈಗಳನ್ನು ಹಾದು ಹೋಗಬೇಕು.

ಪರಿಹಾರ ಸುಲಭ, ದುಬಾರಿಯೂ ಅಲ್ಲ. ಟ್ರಾನ್ಸ್‌ಮಿಟರನ್ನು ತಲೆಯ ಮೇಲೆ, ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಏರಿಸಬೇಕು. ಸ್ಪೀಕರ್ ಸ್ಟ್ಯಾಂಡ್, ಬಾಲ್ಕನಿಯ ಕಟಾಂಜನ, ಟ್ರಸ್ಸಿನ ತುದಿ ಯಾವುದಾದರೂ ಆದೀತು. ಕನ್ಸೋಲಿನಿಂದ ಅಲ್ಲಿಯವರೆಗೆ ಮಾಮೂಲಿ ಡಿಎಂಎಕ್ಸ್ ತಂತಿ ಎಳೆಯಬೇಕು. ಆಂಟೆನಾದ ತಂತಿಯನ್ನು ಉದ್ದ ಮಾಡಿ ಡಬ್ಬಿಯನ್ನು ಕೆಳಗೇ ಇಡುವುದು ಬೇಡ, ಆ ತಂತಿಯಲ್ಲೇ ಸಿಗ್ನಲ್ ಸೋರಿಹೋಗುತ್ತದೆ. ಕಣ್ಣಿಗೆ ನೇರ ಗೆರೆ ಕಂಡರೆ ಸಾಲದು ಎಂಬುದನ್ನೂ ನೆನಪಿಡಬೇಕು. ಅಲೆಗೆ ಗೆರೆಯ ಸುತ್ತಲೂ ಒಂದಿಷ್ಟು ಖಾಲಿ ಜಾಗ ಬೇಕು. 2.4 ಗಿಗಾಹರ್ಟ್ಸಿನಲ್ಲಿ 30 ಮೀಟರ್ ದೂರಕ್ಕೆ, ದಾರಿಯ ನಡುವಿನಲ್ಲಿ, ಸುತ್ತಲೂ ಸುಮಾರು 1 ಮೀಟರ್ ಎಂದು ಲೆಕ್ಕ ಸಿಗುತ್ತದೆ. ಟ್ರಸ್ಸಿನ ಅಲ್ಯೂಮಿನಿಯಂ ಕೊಳವೆಗಳ ನಡುವೆ ಡಬ್ಬಿಯನ್ನು ತುರುಕಿದರೆ ಆ ಜಾಗ ಅಲ್ಲೇ ಮುಚ್ಚಿಹೋಗುತ್ತದೆ. ಎಲ್‌ಇಡಿ ವಾಲಿನ ಬೆನ್ನಿಗೂ ಅಷ್ಟೆ. ಅದರ ಲೋಹ ಅಲೆಯನ್ನು ತಡೆಯುತ್ತದೆ, ಅದರ ಎಲೆಕ್ಟ್ರಾನಿಕ್ಸ್ ತನ್ನದೇ ಗದ್ದಲ ಹೊರಡಿಸುತ್ತದೆ.

ಆಂಟೆನಾವನ್ನು ಯಾವ ಕಡೆ ತಿರುಗಿಸಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಕಡ್ಡಿಯಂಥ ಆಂಟೆನಾದ ತುದಿಯನ್ನು ದೀಪದ ಕಡೆಗೆ ಗುರಿಯಿಟ್ಟರೆ ಸಿಗ್ನಲ್ ಅತ್ತ ಹೋಗುತ್ತದೆ ಎಂದು ತೋರುವುದು ಸಹಜ. ನಡೆಯುವುದು ತದ್ವಿರುದ್ಧ. ಉದ್ದಿನ ವಡೆಯ ತೂತಿನಲ್ಲಿ ಒಂದು ಕಡ್ಡಿ ನೆಟ್ಟಗೆ ನಿಲ್ಲಿಸಿದಂತೆ ಊಹಿಸಿಕೊಳ್ಳಿ. ಕಡ್ಡಿ ಆಂಟೆನಾ, ವಡೆ ಅದರ ಸಿಗ್ನಲ್. ಸುತ್ತಲೂ ದಪ್ಪಗೆ ಹರಡುತ್ತದೆ, ಕಡ್ಡಿಯ ನೆತ್ತಿಗೂ ಬುಡಕ್ಕೂ ಬಹುತೇಕ ಏನೂ ಸಿಗುವುದಿಲ್ಲ. ಆಂಟೆನಾ ನೆಟ್ಟಗೆ ನಿಂತಿರಬೇಕು, ದೀಪದ ಆಂಟೆನಾ ಕೂಡ ನೆಟ್ಟಗಿರಬೇಕು. ಹಾಗೆಯೇ ಹಾಲಿನ ನಟ್ಟನಡುವೆ ಛಾವಣಿಯಿಂದ ಇಳಿಬಿಟ್ಟರೆ ಸರಿಯಾಗಿ ಅದರ ಕೆಳಗಿರುವ ದೀಪವೇ ವಂಚಿತವಾಗುತ್ತದೆ. ಒಂದು ಬದಿಯ ಎತ್ತರದಿಂದ ಇಡೀ ಹಾಲಿಗೆ ಓರೆಯಾಗಿ ಬೀಳುವಂತೆ ಇಡುವುದು ಲೇಸು.

ಮೈಗಳ ಜೊತೆಗೆ ಗದ್ದಲವೂ ಇದೆ. ನಮ್ಮ ದೇಶದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯನ್ನು 2005ರ ಜನವರಿಯಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದರು. ಆಂಟೆನಾದಿಂದ ಹೊರಡುವ ಶಕ್ತಿ 4 ವಾಟ್ ಮೀರಬಾರದು ಎಂಬ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದು. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಇಲ್ಲಿ ಯಾರಿಗೂ ಮೊದಲ ಹಕ್ಕಿಲ್ಲ, ಬೇರೆಯವರಿಂದ ಅಡಚಣೆಯಾಯಿತು ಎಂದು ರಕ್ಷಣೆ ಕೇಳುವಂತಿಲ್ಲ. ವೈಫೈ, ಬ್ಲೂಟೂತ್, ಡ್ರೋನ್ ರಿಮೋಟ್, ಅಗ್ಗದ ಕೆಲವು ಕಾಲರ್ ಮೈಕು, ಅಡುಗೆಮನೆಯ ಮೈಕ್ರೊವೇವ್ ಎಲ್ಲವೂ ಇದೇ ಪಟ್ಟಿಯಲ್ಲಿ. ಸಾವಿರ ಜನ ಬಂದರೆ ಸಾವಿರಕ್ಕೂ ಹೆಚ್ಚು ಫೋನು, ಪ್ರತಿಯೊಂದೂ ಆಗಾಗ ವೈಫೈ ಹುಡುಕುತ್ತಿರುತ್ತದೆ. ಛತ್ರದವರ ವೈಫೈ ಸಾಮಾನ್ಯವಾಗಿ 1, 6, 11 ಈ ಮೂರರಲ್ಲೊಂದು ಚಾನೆಲಿನಲ್ಲಿ ಇರುತ್ತದೆ. ಅದನ್ನು ಆ ಒಂದು ಸಂಜೆ 5 ಗಿಗಾಹರ್ಟ್ಸಿಗೆ ಬದಲಿಸಿಕೊಡಿ ಎಂದು ಮ್ಯಾನೇಜರನ್ನು ಕೇಳಿಕೊಂಡರೆ ಗಾಳಿಯಲ್ಲಿ ಒಂದಿಷ್ಟು ಜಾಗ ತೆರವಾಗುತ್ತದೆ. ಫೋನಿನ ಹಾಟ್‌ಸ್ಪಾಟಿನ ಮೂಲಕವೇ ದೀಪ ನಡೆಸುವ ಆ್ಯಪ್‌ಗಳು ಮನೆಯ ಹುಟ್ಟುಹಬ್ಬಕ್ಕೆ ಸಾಕು, ಮದುವೆಗೆ ಅವನ್ನು ನಂಬಲಾರೆ.

ಈ ಗದ್ದಲದಿಂದ ತಪ್ಪಿಸಿಕೊಳ್ಳಲು ಕೆಲವರು ಕೆಳಗಿನ ತರಂಗಾಂತರದ ಸಲಕರಣೆ ತರಿಸುತ್ತಾರೆ. ಕೆಳಗಿನ ಅಲೆ ಜನರನ್ನು ದಾಟಿ ಚೆನ್ನಾಗಿ ಹೋಗುತ್ತದೆ, ನಿಜ. ಆದರೆ ಅಮೆರಿಕದ ಮಾರುಕಟ್ಟೆಗೆಂದು ಮಾಡಿದ್ದು 902ರಿಂದ 928 ಮೆಗಾಹರ್ಟ್ಸ್ ಬಳಸುತ್ತದೆ. ಅಲ್ಲಿ ಅದು ಮುಕ್ತ, ಇಲ್ಲಿ ಆ ಪಟ್ಟಿಯ ಭಾಗ ಮೊಬೈಲ್ ಫೋನುಗಳಿಗೆ ಕೊಟ್ಟದ್ದು. ನಮ್ಮಲ್ಲಿ ಮುಕ್ತವಾಗಿರುವುದು 865ರಿಂದ 868 ಮೆಗಾಹರ್ಟ್ಸಿನ ಸಣ್ಣ ಪಟ್ಟಿ. ನೆಂಟರ ಸೂಟ್‌ಕೇಸಿನಲ್ಲಿ ಬರುವ ದೀಪ ಕೊಳ್ಳುವ ಮುಂಚೆ ಅದರ ಬೆನ್ನ ಮೇಲೆ ಬರೆದ ಸಂಖ್ಯೆಯನ್ನು ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ಸಿಗ್ನಲ್ ತಪ್ಪಬಹುದು. ಆಗ ದೀಪ ಏನು ಮಾಡಬೇಕು ಎಂಬುದನ್ನು ಮೊದಲೇ ಹೇಳಿಟ್ಟಿರಬೇಕು. ದೀಪದ ಬೆನ್ನಿನ ಮೆನುವಿನಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ: ಕೊನೆಯ ಬಣ್ಣವನ್ನೇ ಹಿಡಿದಿಟ್ಟುಕೊಳ್ಳುವುದು, ಆರಿಹೋಗುವುದು, ತನ್ನದೇ ಆಟಕ್ಕಿಳಿಯುವುದು. ಅಪ್‌ಲೈಟಿಗೆ ಮೊದಲನೆಯದೇ ಸರಿ, ಬೇರೆ ಯೋಚನೆ ಬೇಡ. ಸಿಗ್ನಲ್ ಹತ್ತು ಸೆಕೆಂಡ್ ಹೋಗಿ ಬಂದರೂ ಗೋಡೆ ಇದ್ದಂತೆಯೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮೂರನೆಯದು ಬಹಳ ಕೆಟ್ಟದ್ದು. ಆ ಆಯ್ಕೆಯಲ್ಲಿದ್ದ ದೀಪ ಮಾಂಗಲ್ಯಧಾರಣೆಯ ಹೊತ್ತಿಗೆ ಓಲಗದ ಗಟ್ಟಿಮೇಳಕ್ಕೆ ಮಿನುಗಲು ಶುರುಮಾಡಿದರೆ ಫೋಟೊಗ್ರಾಫರ್ ತೆಗೆದ ಆ ಒಂದು ಚಿತ್ರ ಮತ್ತೆ ಸಿಗುವುದಿಲ್ಲ. 24 ದೀಪದ ಮೆನು ಒಂದೊಂದಾಗಿ ತೆರೆದು ನೋಡಲು ಅರ್ಧ ಗಂಟೆ ಹಿಡಿಯಬಹುದು. ಆ ಅರ್ಧ ಗಂಟೆಯನ್ನು ಉಳಿಸಬಾರದು.

ಬ್ಯಾಟರಿಯ ಲೆಕ್ಕ ನಮ್ಮ ಮದುವೆಗಳ ಸಮಯಕ್ಕೆ ತಕ್ಕಂತೆ ಹಾಕಬೇಕು. ಒಂದೇ ಬಣ್ಣ ಹಚ್ಚಿದರೆ ಹತ್ತು ಗಂಟೆ ಬರುವ ದೀಪ ಎಲ್ಲ ಬಣ್ಣಗಳನ್ನೂ ಪೂರ್ತಿ ಹಚ್ಚಿದರೆ ನಾಲ್ಕೈದು ಗಂಟೆಗೇ ಸುಸ್ತಾಗುತ್ತದೆ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಆರತಕ್ಷತೆ, ಬೆಳಿಗ್ಗೆ ಆರಕ್ಕೆ ಮುಹೂರ್ತ ಎಂದಿಟ್ಟುಕೊಳ್ಳಿ. ನಡುವೆ ಏಳು ಗಂಟೆ ಸಿಗುತ್ತದೆ. ಚಾರ್ಜಿಗೆ ನಾಲ್ಕರಿಂದ ಆರು ಗಂಟೆ ಬೇಕು. ದೀಪಗಳನ್ನು ಎತ್ತಿ ಒಂದೆಡೆ ಸೇರಿಸಿ, ಚಾರ್ಜಿಗಿಟ್ಟು, ಮತ್ತೆ ಅದೇ ಜಾಗದಲ್ಲಿ ಇಡಲು ರಾತ್ರಿಯಿಡೀ ಒಬ್ಬರು ಎಚ್ಚರವಿರಬೇಕು. ಧಾರೆಗೆ ಬೆಚ್ಚನೆ ಬಿಳಿಯೇ ಸಾಕಾಗುವುದರಿಂದ ಮಂಟಪದ ಸುತ್ತಲಿನ ಆರೆಂಟು ದೀಪಗಳನ್ನು ಮಾತ್ರ ಕರೆಂಟಿನಲ್ಲಿ ಇಟ್ಟು ಉಳಿದವನ್ನು ರಾತ್ರಿಯೇ ಆರಿಸಿಬಿಡುವುದು ನನಗೆ ಕಂಡ ನೆಮ್ಮದಿಯ ದಾರಿ. ಲಿಥಿಯಂ ಬ್ಯಾಟರಿಯ ದೀಪಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ, ಶಾಮಿಯಾನದ ಬಟ್ಟೆಯ ರಾಶಿಯ ಪಕ್ಕದಲ್ಲಿ ಚಾರ್ಜಿಗಿಡುವುದು ಮಾತ್ರ ಎಂದಿಗೂ ಬೇಡ.

ಇದೇ ಟ್ರಾನ್ಸ್‌ಮಿಟರಿನಿಂದ ಈಗ ಇನ್ನೊಂದು ವಸ್ತುವನ್ನೂ ನಡೆಸುತ್ತಿದ್ದಾರೆ. ಜೋಡಿ ಒಳಗೆ ಬರುವಾಗ ಎರಡೂ ಬದಿ ಕಿಡಿಯ ಬುಗ್ಗೆ ಎಬ್ಬಿಸುವ ಕೋಲ್ಡ್ ಪೈರೊ ಯಂತ್ರ. ಹೆಸರಿನಲ್ಲಿ ತಂಪಿದ್ದರೂ ಅದು ಲೋಹದ ಪುಡಿಯನ್ನು ಕಾಯಿಸಿ ಎಸೆಯುವ ಯಂತ್ರ. ಡಿಎಂಎಕ್ಸ್‌ನ ಗುಣಮಟ್ಟದ ದಾಖಲೆಯೇ ಆ ಭಾಷೆಯನ್ನು ಅಪಾಯದ ಕೆಲಸಗಳಿಗೆ ಬಳಸಬಾರದು ಎನ್ನುತ್ತದೆ, ಕಾರಣ ಮೇಲೆ ಹೇಳಿದ್ದೇ: ಬಂದ ಸಂಖ್ಯೆ ಸರಿಯೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿಲ್ಲ. ಪಕ್ಕದ ಹಾಲಿನ ಅಪ್ಪಣೆ ನಮ್ಮ ಗೋಡೆಯ ಬಣ್ಣ ಬದಲಿಸಿದರೆ ಮುಜುಗರ. ಅದೇ ಅಪ್ಪಣೆ ಒಂದು ಮಗು ಬಗ್ಗಿ ನೋಡುತ್ತಿರುವಾಗ ಕಿಡಿ ಎಬ್ಬಿಸಿದರೆ? ಕಿಡಿಯ ಯಂತ್ರಕ್ಕೆ ಪ್ರತ್ಯೇಕ ತಂತಿ, ಯಂತ್ರವನ್ನು ಕಣ್ಣಾರೆ ನೋಡುತ್ತ ನಿಂತ ಒಬ್ಬ ವ್ಯಕ್ತಿ, ಅವನ ಕೈಯಲ್ಲಿ ಕರೆಂಟ್ ಕಡಿಯುವ ಸ್ವಿಚ್ಚು, ಈ ಮೂರೂ ಇಲ್ಲದಿದ್ದರೆ ಆ ಯಂತ್ರವೇ ಬೇಡ ಎಂದು ಮನೆಯವರು ಹೇಳಬೇಕು. ಅಲಂಕಾರಕ್ಕಿಂತ ಬಂದವರ ಮೈ ದೊಡ್ಡದು.

ಛತ್ರ ಕಟ್ಟಿಸುವವರಿಗೂ ಒಂದು ಮಾತು ಹೇಳಬೇಕಿದೆ. ಕಟ್ಟುವಾಗಲೇ ಪ್ರತಿ ಕಂಬದ ಬುಡಕ್ಕೂ ಒಂದು ಕರೆಂಟಿನ ಪ್ಲಗ್ ಪಾಯಿಂಟು ಕೊಟ್ಟು, 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಮೂಲಕ ಎಲ್ಲಕ್ಕೂ ಲೈನ್ ಕೊಡಿಸಿದರೆ ನೆಲದ ಮೇಲಿನ ಎಕ್ಸ್‌ಟೆನ್ಷನ್ ವೈರುಗಳು ಮುಕ್ಕಾಲು ಪಾಲು ಮಾಯವಾಗುತ್ತವೆ. ಅದರ ಜೊತೆಗೆ, ಹಾಲಿನ ಹಿಂಬದಿಯಲ್ಲಿ ಇಡೀ ವೇದಿಕೆ ಕಾಣುವ ಒಂದು ಜಾಗದಿಂದ ಎದುರು ಗೋಡೆಯ ಹನ್ನೆರಡು ಅಡಿ ಎತ್ತರದವರೆಗೆ ಒಂದು ಖಾಲಿ ಕಾಂಡ್ಯೂಟ್ ಪೈಪು, ತುದಿಯಲ್ಲಿ ಟ್ರಾನ್ಸ್‌ಮಿಟರ್ ಸಿಕ್ಕಿಸಲು ಎರಡು ಕ್ಲಾಂಪ್ ಹಾಕಿಡಲಿ. ಗೋಡೆಗೆ ಗಿಲಾವು ಮಾಡುವಾಗ ಇದಕ್ಕೆ ತಗಲುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಗಿಲಾವು ಮುಗಿದ ಮೇಲೆ ಪ್ರತಿ ಮದುವೆಗೂ ಅದೇ ಗೋಡೆಗೆ ಏಣಿ ಹಾಕಿ, ಟೇಪ್ ಸುತ್ತಿ, ಮರುದಿನ ಕಿತ್ತು, ಬಣ್ಣ ಕೆರೆದುಹೋಯಿತೆಂದು ಲೈಟಿಂಗ್‌ನವರ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಜಗಳ ಅಲ್ಲಿಗೆ ನಿಲ್ಲುತ್ತದೆ.